ಉದ್ದ ಮಾಡಿದ ಚಾಸಿ

“ಇಳಿಸ್ರಿ, ಇಳಿಸ್ರಿ! ಓಲಾಡ್ತೈತೆ,” ಎಂದು ಕೂಗಿದ ಪರಮೇಶ್ವರಪ್ಪ, ತನ್ನ ತಮ್ಮ ಬಸವೇಶನ ಶವವನ್ನು ಕೂರಿಸಿದ್ದ ಬಿದಿರಿನ ವಿಮಾನವನ್ನು ಅಂಗಳದಲ್ಲೇ ಇಳಿಸಿದ. ಅದರ ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಎಳೆದು ಬಿಗಿದ. ಮತ್ತೆ ಎತ್ತಿದಾಗ ಹೂವಿನ ಹಾರವೂ ಅಲುಗಲಿಲ್ಲ.

“ಏನ್ ಮಾಡಾಕಾಗ್ತೈತೆ, ಸ್ಟೇರಿಂಗ್ ಹಿಡ್ದು ನಿದ್ದೆ ಮಾಡಿದ್ರೆ ದೇವ್ರೂ ಕಾಯಲ್ಲ,” ಎಂದ ಹೆಗಲು ಕೊಟ್ಟಿದ್ದ ನೆರೆಮನೆಯ ಮಂಜಣ್ಣ.

ಬಸವೇಶನ ಹೆಂಡತಿ ಶಿವಗಂಗಮ್ಮ ಥಟ್ಟನೆ ತಲೆಯೆತ್ತಿದಳು. “ಮಂಜಣ್ಣಾ, ನನ್ ಗಂಡ ಮನೇಲೇ ನೆಟ್ಟಗೆ ನಿದ್ದೆ ಮಾಡ್ದೋನಲ್ಲ! ಕಾವ್ಯಾ, ನೀನು ಗಾಡಿ ನೋಡ್ಕಂಡ್ ಬಂದೀಯ. ಹೇಳೇ ಇವ್ರಿಗೆ.”

“ಮೊದ್ಲು ಮಣ್ಣಾಗ್ಲಿ ಅಮ್ಮ,” ಎಂದಳು ಮಗಳು.

*

ಭರಮಸಾಗರದಲ್ಲಿ ಬಸವೇಶನದು ಶಾಮಿಯಾನ ಬಾಡಿಗೆಗೆ ಕೊಡುವ ಕೆಲಸ. ಕಂಬಗಳು ಪಿಕಪ್ಪಿನ ಹಿಂದೆ ಚಾಚುತ್ತಿದ್ದವು. ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅಣ್ಣ ಪರಮೇಶ್ವರಪ್ಪ, ಗಾಡಿಯ ಅಡಿಚೌಕಟ್ಟಾದ ಚಾಸಿಯನ್ನು ನಡುವೆ ಕತ್ತರಿಸಿ, ಎರಡಡಿ ಕಬ್ಬಿಣ ಸೇರಿಸಿ ಬೆಸೆದುಕೊಟ್ಟಿದ್ದ.

ಬೇಸಗೆಯಲ್ಲಿ ಒಮ್ಮೆ ಬಿ.ದುರ್ಗದ ಮದುವೆಗೆ ಹೊರಟಾಗ, ಆಟೊಮೊಬೈಲ್ ಡಿಪ್ಲೊಮಾ ಓದಿದ್ದ ಕಾವ್ಯ ಅಪ್ಪನ ಪಕ್ಕ ಕೂತಿದ್ದಳು.

“ನೋಡು, ತಿರುವಿನಾಗೆ ಮುಂದಿನ ಗಾಲಿ ಹೇಳಿದ್ ಮಾತು ಕೇಳ್ತವೆ. ಹಿಂದಿನವು ಯೋಚ್ನೆ ಮಾಡಿ ಬರ್ತವೆ, ನಿಮ್ಮಮ್ಮನಂಗೆ. ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್ ಹಾಕ್ಸಿದ್ರೂ ಅಷ್ಟೇ.”

“ಸ್ಪ್ರಿಂಗ್ ಅಲ್ಲಪ್ಪ, ಚಾಸಿನೇ ತಿರುಚ್ತೈತೆ, ಒದ್ದೆ ಬಟ್ಟೆ ಹಿಂಡಿದಂಗೆ. ಅದು ಗಟ್ಟಿ ನಿಂತ್ರೆ ತಾನೆ ಸ್ಪ್ರಿಂಗ್ ಕೆಲ್ಸ ಮಾಡೋದು? ಪ್ಲೇಟ್ ಹೆಚ್ಚಿಸಿದಷ್ಟೂ ಹೊಡ್ತ ಎಲ್ಲ ವೆಲ್ಡಿಂಗಿಗೆ ಬೀಳ್ತೈತೆ. ದೊಡ್ಡಪ್ಪಂಗೆ ತೋರ್ಸಾಣ.”

“ಮದುವೆ ಸೀಸನ್ ಮುಗೀಲಿ ಬಿಡಮ್ಮ.”

*

ನಿನ್ನೆ ಪೊಲೀಸ್ ಠಾಣೆಯ ಆವರಣದಲ್ಲಿ ಕಾವ್ಯ ಅಪಘಾತವಾದ ಗಾಡಿಯ ಕೆಳಗೆ ಬಗ್ಗಿ ನೋಡಿದ್ದಳು. ಚಾಸಿ ಮುರಿದದ್ದು ಬೆಸುಗೆಯ ಅಂಚಿನಲ್ಲೇ. ಮುರಿದ ಕಡೆ ಸ್ವಲ್ಪ ಮಾತ್ರ ಹೊಸ ಕಬ್ಬಿಣದ ಹೊಳಪು, ಉಳಿದದ್ದೆಲ್ಲ ತುಕ್ಕು. ಬಿರುಕು ತಿಂಗಳುಗಳಿಂದ ಬೆಳೆಯುತ್ತಿತ್ತು. ಅಪ್ಪ ನಿದ್ದೆ ಮಾಡಿರಲಿಲ್ಲ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿಯೇ ಇದ್ದ, ಗಾಡಿ ಬರಲಿಲ್ಲ.

ಈಗ ಹೊಲದಲ್ಲಿ ಗುಣಿ ತೋಡಿಯಾಗಿತ್ತು. ಪರಮೇಶ್ವರಪ್ಪ ತಾನೇ ಒಳಗಿಳಿದು ತಮ್ಮನನ್ನು ಗುಣಿಯ ಗೋಡೆಯಲ್ಲಿ ಕೊರೆದಿದ್ದ ಗೂಡಿನಲ್ಲಿ ಕೂರಿಸಿದ. ವಾಲುತ್ತಿದ್ದ ತಲೆಯನ್ನು ಎದೆಗೆ ಆನಿಸಿಕೊಂಡವನು ಬಿಡಲೇ ಇಲ್ಲ.

“ಮೇಲೆ ಬರ್ರಿ ಪರಮೇಶಣ್ಣ,” ಎಂದು ಮಂಜಣ್ಣ ಕೈ ಚಾಚಿದ.

ಪರಮೇಶ್ವರಪ್ಪ ಕಾವ್ಯಳತ್ತ ಮುಖವೆತ್ತಿದ. “ಮಗಾ, ಗಾಡಿ ನೋಡಿದ್ಯಲ್ಲ. ನನ್ ವೆಲ್ಡಿಂಗು... ನೆಟ್ಟಗಿತ್ತಾ?”

ಶಿವಗಂಗಮ್ಮ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಗುಣಿಯಲ್ಲಿ ದೊಡ್ಡಪ್ಪ ತಮ್ಮನ ತಲೆಯನ್ನು ಇನ್ನೂ ಎದೆಗೆ ಒತ್ತಿಕೊಂಡೇ ಇದ್ದ. ಕಂಡದ್ದನ್ನು ಯಾರಿಗೂ ಹೇಳಬಾರದೆಂದು ಕಾವ್ಯ ತೀರ್ಮಾನಿಸಿದ್ದು ಆ ಕ್ಷಣದಲ್ಲೇ.

“ನೆಟ್ಟಗಿತ್ತು ದೊಡ್ಡಪ್ಪ. ಅಪ್ಪಂಗೆ... ನಿದ್ದೆ ಹತ್ತಿರಬೇಕು.”

ಶಿವಗಂಗಮ್ಮ ಮಗಳ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಅವಳ ಕೈ ಬಿಟ್ಟು, ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಗುಣಿಯ ಆಚೆ ಬದಿಗೆ ಹೋಗಿ ಒಬ್ಬಳೇ ನಿಂತಳು.