ಸಾರಕ್ಕಿ ವರದಿಯ ಏಳನೆಯ ಪುಟ

ಒಗೆಯುವ ಕಲ್ಲಿನ ಮೇಲೆ ಎರಡನೆಯ ಪಂಚೆಗೆ ಸೋಪು ಹಚ್ಚುತ್ತಿದ್ದೆ, ಬೀದಿಯಲ್ಲಿ ಜೀಪು ನಿಂತ ಸದ್ದಾಯಿತು. ಹತ್ತು ಗಂಟೆಗೆ ಬರುತ್ತೇನೆಂದಿದ್ದ ಇಂಜಿನಿಯರ್ ಸೋಮಲಿಂಗಪ್ಪನವರು ಎಂಟಕ್ಕೇ ಬಂದುಬಿಟ್ಟಿದ್ದರು. ಕೈ ಒರೆಸಿಕೊಂಡು ಕಾಫಿಗಿಡಲು ಒಳಗೆ ಓಡಿದೆ. ಅರವತ್ತೆರಡನೆಯ ಇಸವಿ. ಜಯನಗರದ ನಮ್ಮ ಬೀದಿಯಲ್ಲಿ ಆಗ ಇದ್ದದ್ದು ಆರೇ ಮನೆ. ಜೀಪು ಬಂದರೆ ಆರೂ ಮನೆಯವರು ಬಾಗಿಲಿಗೆ ಬರುತ್ತಿದ್ದರು.

ನಮ್ಮ ಯಜಮಾನರು ಪರಮಶಿವಯ್ಯ, ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಬೇರೆ ಬೇರೆ ವಿದ್ಯೆ ಕಲಿತವರು ಒಂದೇ ಕಡೆ ಕೂತು ಒಂದು ಪ್ರಶ್ನೆಯನ್ನು ಹೇಗೆ ಕೇಳಬೇಕು, ವಿಜ್ಞಾನ ಜನರ ಮನೆಬಾಗಿಲಿಗೆ ಬಂದಾಗ ಯಾರ ಮಾತು ಕೇಳಬೇಕು, ಇದನ್ನೇ ಆರು ವರ್ಷದಿಂದ ಬರೆಯುತ್ತಿದ್ದರು. ಓದಿದವರು ಕಡಿಮೆ, ನಕ್ಕವರು ಹೆಚ್ಚು. ಆ ವರ್ಷ ಮೊದಲ ಸಲ ಒಂದು ಸಮಿತಿಗೆ ಇವರನ್ನು ಕರೆದಿದ್ದರು. ಪಕ್ಕದ ಸಾರಕ್ಕಿ ಹಳ್ಳಿಯಲ್ಲಿ ಹೊಸ ಕೈಪಂಪು ಹಾಕಿಸಿ ವರ್ಷವಾಗಿತ್ತು. ಬೋರಿಂಗ್ ಎನ್ನುತ್ತಿದ್ದರು ಅದನ್ನು. ಆದರೂ ಹೆಂಗಸರು ಅಡುಗೆಗೆ ಹಳೆಯ ಬಾವಿಯ ನೀರನ್ನೇ ಸೇದುತ್ತಿದ್ದರು. ಯಾಕೆಂದು ತಿಳಿಯುವುದು ಸಮಿತಿಯ ಕೆಲಸ. ಸೋಮಲಿಂಗಪ್ಪನವರು, ಒಬ್ಬ ಡಾಕ್ಟರು, ಇವರು.

ಮೂವರೂ ಹೋಗಿ ಕೂತದ್ದು ಆ ಊರಿನ ಹಿರಿಯರಾದ ರಾಮಯ್ಯನವರ ಜಗಲಿಯ ಮೇಲೆ. ಅಡುಗೆ ನೀರಿನ ವಿಚಾರವನ್ನು ಗಂಡಸರನ್ನು ಕೇಳಿದರು!

"ಪಂಪಿನೊಳಗೆ ಚರ್ಮದ ವಾಷರ್ ಐತಲ್ಲ ಸ್ವಾಮಿ, ಅದ್ಕೇ ಮೈಲಿಗೆ ಅಂತಾರೇನೋ ಹೆಂಗಸ್ರು," ಎಂದರು ರಾಮಯ್ಯ.

ವರದಿ ಸಿದ್ಧವಾಯಿತು. ಮೂಢನಂಬಿಕೆಯೇ ಕಾರಣ, ಹಳೆಯ ಬಾವಿ ಮುಚ್ಚಿಸತಕ್ಕದ್ದು.

ಇವರಿಗೆ ಸಮಾಧಾನವಾಗಲಿಲ್ಲ. ಜೀಪು ಬಂದ ದಿನಕ್ಕೆ ಹಿಂದಿನ ಭಾನುವಾರ ಮತ್ತೆ ಸಾರಕ್ಕಿಗೆ ಹೋದರು. ಒಂಬತ್ತು ವರ್ಷದ ಮಗಳು ಕಾತ್ಯಾಯಿನಿಯೂ ಜೊತೆಗೆ ಹೋದಳು. ಅಪ್ಪ ಜಗಲಿಯಲ್ಲೇ ಉಳಿದರು. ಇವಳು ರಾಮಯ್ಯನವರ ಹೆಂಡತಿ ಅಕ್ಕಯಮ್ಮನ ಹಿಂದೆ ಅಡುಗೆಮನೆಗೆ ಹೋದಳು.

ಮಾರನೆಯ ದಿನ ನಾನು ಜಡೆ ಹಾಕುವಾಗ ಬಾಯಿಬಿಟ್ಟಳು. "ಅಮ್ಮಾ, ಬೋರಿಂಗ್ ನೀರಲ್ಲಿ ಬೆಳಿಗ್ಗೆ ಇಟ್ಟ ಬೇಳೆ ಮಧ್ಯಾಹ್ನಕ್ಕೂ ಕಲ್ಲಿನ ಹಾಗೇ ಇತ್ತು. ನಾನೇ ಹಿಸುಕಿ ನೋಡ್ದೆ. ಅಕ್ಕಯಮ್ಮ ನಗ್ತಿದ್ರು, ನಮ್ಮನ್ನ ಯಾರು ಕೇಳಿದ್ರು ಮಗಾ, ಸೌದೆ ಉರಿಸೋರು ನಾವು ಅಂದ್ರು."

"ಅಪ್ಪಂಗೆ ಹೇಳೇ."

"ನೀನೇ ಹೇಳು. ನಾನು ಇಂಜಿನಿಯರ್ ಮಾಮನ್ನ ಒಂದು ಕೇಳ್ಬೇಕು."

ಶಾಲೆಗೆ ಬಂದ ಇನ್ಸ್‌ಪೆಕ್ಟರು ಹೆಸರು ಕೇಳಿದರೆ ಅದನ್ನೂ ಹೇಳಲಾರದೆ ನಿಂತಿದ್ದ ಹುಡುಗಿ ಇವಳು. ನಾನು ನಗಲಿಲ್ಲ. ಇವರಿಗೆ ವಿಷಯ ತಿಳಿಸಿದೆ. ಅಂದು ಸಂಜೆಯೇ ಇವರು ಹೊಸದೊಂದು ಪುಟ ಬರೆದು ವರದಿಗೆ ಸೇರಿಸಿದರು. ಅದು ಏಳನೆಯ ಪುಟ. ನೀರು ಗಡಸೋ ಏನೋ ಪರೀಕ್ಷಿಸಬೇಕು, ಬೇಯಿಸುವವರನ್ನು ಕೇಳಬೇಕು, ಅಲ್ಲಿಯವರೆಗೆ ಬಾವಿ ಮುಚ್ಚಬಾರದು.

ಸೋಮಲಿಂಗಪ್ಪನವರು ಜೀಪಿನಲ್ಲಿ ತಂದ ವರದಿಯಲ್ಲಿ ಆ ಪುಟದ ಮೇಲೆ ಈಗ ಉದ್ದಕ್ಕೂ ಕೆಂಪು ಪೆನ್ಸಿಲಿನ ಗೀಟು.

"ಮೇಷ್ಟ್ರೇ, ವೇದಾಂತ ಕಾಲೇಜಿಗೆ ಇಟ್ಕೊಳ್ಳಿ," ಕಾಫಿ ಹೀರುತ್ತ ಸೋಮಲಿಂಗಪ್ಪನವರು ನಕ್ಕರು. "ನೀರು ಲ್ಯಾಬಲ್ಲಿ ಪಾಸಾಗಿದೆ. ಒಂದು ಕ್ರಿಮಿ ಇಲ್ಲ."

"ಕಾಯಿಲೆ ಬರುತ್ತಾ ಅಂತ ಲ್ಯಾಬನ್ನ ಕೇಳಿದ್ರಿ, ಅದು ಹೇಳ್ತು. ಬೇಳೆ ಬೇಯುತ್ತಾ ಅಂತ ನಾವು ಯಾರನ್ನ ಕೇಳಿದ್ವಿ?"

"ಡಾಕ್ಟರ್ ಸಹಿ ಆಗಿದೆ. ನೀವೂ ಒಂದು ಹಾಕ್ಬಿಡಿ. ನಾಳೆ ಬಾವಿಗೆ ಮಣ್ಣು ಹೊಡೆಸ್ತಾರೆ."

"ಆ ಪುಟ ಇಲ್ದೆ ಹಾಕಲ್ಲ."

"ಹಾಗಾದ್ರೆ ಸಮಿತೀಲಿ ನಿಮ್ಮ ಹೆಸರೂ ಇರಲ್ಲ. ಆಮೇಲೆ ನನ್ನ ಬೈಕೋಬೇಡಿ."

ಇವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಆರು ವರ್ಷ ಕಾದು ಬಂದದ್ದು, ಒಂದು ಮುಚ್ಚಳ ಹಾಕಿದಷ್ಟು ಹೊತ್ತಿನಲ್ಲಿ ಹೋಯಿತು. ಮುಖದಲ್ಲಿ ಬೇಸರವಿರಲಿಲ್ಲ. ಇಂಥವರ ಮನೆಯಲ್ಲಿ ಒಲೆ ಹಚ್ಚುತ್ತೇನಲ್ಲ ಎಂದು ನನ್ನ ಎದೆ ತುಂಬಿಬಂತು.

ಸೋಮಲಿಂಗಪ್ಪನವರು ಕಾಗದ ಮಡಿಸತೊಡಗಿದರು. "ಅಡುಗೆಮನೇಲಿ ಯಾರೋ ಅಂದ್ರಂತೆ! ಕಣ್ಣಲ್ಲಿ ಕಂಡೋರು ಯಾರ್ರೀ?"

ನಡುಮನೆಯ ಬಾಗಿಲಲ್ಲಿ ಕಾತ್ಯಾಯಿನಿ ನಿಂತಿದ್ದಳು, ಒಂದೇ ಜಡೆಗೆ ರಿಬ್ಬನ್ ಕಟ್ಟಿಕೊಂಡು. ತುಟಿ ತೆರೆದಳು, ಮುಚ್ಚಿದಳು. ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಬೇಳೆಯ ವಿಷಯ ನನಗಿಂತ ಯಾರಿಗೆ ಗೊತ್ತು? ಆದರೂ ತಡೆದುಕೊಂಡೆ. ಕಂಡವಳು ಅವಳು. ಅವಳ ಕಡೆ ನೋಡಿ, ಹೇಳು ಎನ್ನುವಂತೆ ತಲೆಯಾಡಿಸಿದೆ.

ಬಾಗಿಲುವಾಡ ಬಿಟ್ಟು ಬಂದು ಇಂಜಿನಿಯರರ ಕುರ್ಚಿಯ ಮುಂದೆ ನಿಂತಳು. ದನಿ ನಡುಗಿತು, ಆದರೆ ನಿಲ್ಲಲಿಲ್ಲ.

"ನಾನು ಕಂಡೆ ಮಾಮ. ಆ ಬೋರಿಂಗ್ ನೀರನ್ನ ಒಂದು ಬಿಂದಿಗೆ ನಿಮ್ಮನೆಗೆ ತಗೊಂಡೋಗಿ, ಯಾವತ್ತಾದ್ರೂ ಬೇಳೆ ಬೇಯಿಸಿ ನೋಡಿದ್ದೀರಾ?"