ಬಗ್ಗಿದ ತುದಿ

"ಅಕ್ಕಾ, ಇದೂ ಸತ್ತುಹೋಯ್ತು."

ಗುಮ್ಮ ಬೇಸ್ ಗಿಟಾರನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ಅಂಗಾತ ಮಲಗಿಸಿದ. ಅಕ್ಕ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ನೋಡಿದಳು. ಅವನ ಎರಡು ಬೇಸ್‌ಗಳಲ್ಲಿ ಉದ್ದದ್ದು. ಹೋದ ಸೋಮವಾರವಷ್ಟೇ ಅವಳ ಕೈಯಿಂದಲೇ ಹೊಸ ತಂತಿ ಹಾಕಿಸಿಕೊಂಡು ಹೋಗಿದ್ದ.

ತಂತಿ ಸಾಯುವುದೇನೂ ಸುಳ್ಳಲ್ಲ. ಬೆರಳಿನ ಬೆವರು, ಕೊಳೆ ಎಲ್ಲ ಅದರ ಮೇಲಿನ ಲೋಹದ ಸುತ್ತುಗಳ ಸಂದಿಗೆ ಇಳಿದರೆ ತಂತಿ ಮಂಕಾಗುತ್ತದೆ. ಮೀಟಿದರೆ ಇರಬೇಕಾದ ಠಣ್ ಹೋಗಿ ಬರೀ ದುಬ್ ಉಳಿಯುತ್ತದೆ. ಈ ಕಸುಬಿನವರು ಅದನ್ನು ಸಾವು ಅಂತಲೇ ಕರೆಯುತ್ತಾರೆ. ಸತ್ತ ತಂತಿಯನ್ನು ಪಾತ್ರೆಯಲ್ಲಿ ಕುದಿಸಿ, ಒರೆಸಿ ಮತ್ತೆ ಹಾಕಿದರೆ ನಾಲ್ಕು ದಿನ ಎದ್ದು ಕೂರುವುದೂ ಉಂಟು. ಆದರೆ ಸಾಯುವುದಕ್ಕೂ ಒಂದು ಲೆಕ್ಕ ಬೇಡವೇ? ವಾರ ವಾರವೂ ಸಾಯುವುದಕ್ಕೆ ಅವೇನು ದೀಪದ ಹುಳುಗಳೇ? ಅಕ್ಕ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದಳು. ಹಿತ್ತಾಳೆ ಕೊಡ ಬಡಿದ ಹಾಗೆ ಠಣ್ಣೆಂದಿತು.

ಗುಮ್ಮ ಅವಳ ಬಾಯನ್ನೇ ನೋಡುತ್ತ ನಿಂತಿದ್ದ.

"ಹೌದು ಕಣೋ," ಅಂದಳು ಅಕ್ಕ. "ಪೂರ್ತಿ ಸತ್ತಿದೆ."

ಈ ಸುಳ್ಳು ಅವಳಿಗೆ ಈಗ ಅಭ್ಯಾಸವಾಗಿಬಿಟ್ಟಿತ್ತು. ಮೊದಲ ಸಲ ಹೇಳಿದ್ದು ಕೆಲವು ವಾರಗಳ ಹಿಂದೆ. ಅವತ್ತು ಗುಮ್ಮ ಗಿಡ್ಡನನ್ನು ತಂದಿದ್ದ. ಗಿಡ್ಡ ಅಂದರೆ ಕುತ್ತಿಗೆ ಚಿಕ್ಕದಿರುವ ಬೇಸ್. ಅದಕ್ಕೆ ತೆಳು ತಂತಿ ಹಾಕಿದರೆ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋಲುತ್ತದೆ. ಅದಕ್ಕೇ ಅಕ್ಕ ಸ್ವಲ್ಪ ದಪ್ಪದ್ದನ್ನೇ ಹುಡುಕಿ ಹಾಕಿದ್ದಳು, ಹಾಕಿ ಎಂಟು ದಿನವೂ ಆಗಿರಲಿಲ್ಲ. "ಸತ್ತಿದೆ" ಅಂದ. ಮೀಟಿ ನೋಡಿದರೆ ಚೆನ್ನಾಗಿ ಬದುಕಿದೆ! "ಹೌದು, ಸತ್ತಿದೆ" ಅಂದುಬಿಟ್ಟಳು. ಗಿಡ್ಡನನ್ನು ಒಳಕೋಣೆಗೆ ಒಯ್ದು ತಂತಿ ಬಿಚ್ಚಿದಳು, ಬಟ್ಟೆಯಲ್ಲಿ ಒರೆಸಿ ಅದನ್ನೇ ಸುರುಳಿ ಸುತ್ತಿ ಒಂದು ಹೊಸ ಲಕೋಟೆಗೆ ತುರುಕಿದಳು. ಹೊರಗೆ ಬಂದು ಅವನ ಎದುರೇ ಆ ಲಕೋಟೆ ತೆಗೆದು ಹಾಕಿಕೊಟ್ಟಳು. ಗುಮ್ಮ ಮೀಟಿದ. ಅವನ ಮುಖ ಅರಳಿತು. "ಹಾಂ! ಈಗ ಜೀವ ಬಂತು ನೋಡು!" ಅಂದ.

ಅಕ್ಕ ಒಳಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ, ಹೊಟ್ಟೆ ತುಂಬ ಅತ್ತಳು. ತಂತಿಗೆ ಏನೂ ಆಗಿರಲಿಲ್ಲ. ಅಪ್ಪನ ಕಿವಿ ತಮ್ಮನಿಗೆ ಬಂದಿತ್ತು.

ಅಪ್ಪನೂ ಬೇಸ್ ನುಡಿಸುತ್ತಿದ್ದವನೇ. ಮಾತು ಬರುವ ಮೊದಲೇ ಮೂಲೆಯಲ್ಲಿ ಕೂತು ತನ್ನ ಜೊತೆ ಗುಂ ಗುಂ ಅನ್ನುತ್ತಿದ್ದ ಮಗನಿಗೆ ಗುಮ್ಮ ಅಂತ ಹೆಸರಿಟ್ಟವನೂ ಅವನೇ. ಆಮೇಲೆ ಅವನ ಕಿವಿ ಮಂಕಾಗತೊಡಗಿತು. ಡಾಕ್ಟರು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು: ಹೋಗುತ್ತಿದೆ, ಪೂರ್ತಿ ಹೋಗುತ್ತದೆ, ಮಕ್ಕಳಲ್ಲೂ ಯಾರಿಗಾದರೂ ಬರಬಹುದು. ಅಪ್ಪ ಅವತ್ತು ಸಂಜೆಯೇ ಗಿಟಾರನ್ನು ಗೋಡೆಗೆ ನೇತುಹಾಕಿದ. ಕಿವಿಯ ಯಂತ್ರ ತಂದುಕೊಟ್ಟರೆ, ತಲೆಯೊಳಗೆ ತಟ್ಟೆ ಲೋಟ ಬೀಳಿಸಿದ ಹಾಗಾಗುತ್ತೆ ಅಂತ ಡ್ರಾಯರಿಗೆ ಎಸೆದ. ಕಿಟಕಿಯ ಹತ್ತಿರ ಕೂತ. ಆಮೇಲೆ ಅವನು ಬದುಕಿದ್ದ ಅಂತ ಯಾರಾದರೂ ಅಂದರೆ ಅಕ್ಕನಿಗೆ ಸಿಟ್ಟು ಬರುತ್ತಿತ್ತು. ಉಸಿರಾಡಿದ, ಅಷ್ಟೇ. ಬರುವುದಿದ್ದರೆ ನನಗೆ ಬರಲಿ, ಅವನಿಗೆ ಬೇಡ ಅಂತ ಅವಳು ಎಷ್ಟು ಸಲ ಬೇಡಿಕೊಂಡಿದ್ದಳೋ. ಬೇಡಿದ್ದೆಲ್ಲ ಸಿಗುವ ಹಾಗಿದ್ದರೆ ಲೋಕ ಹೀಗೇಕಿರುತ್ತಿತ್ತು!

ಆದ್ದರಿಂದ ಅಕ್ಕ ಬಾಯಿ ಬಿಡಲಿಲ್ಲ. ಹೇಳಿದ ದಿನವೇ ಇವನೂ ಗಿಟಾರು ನೇತುಹಾಕಿ ಕಿಟಕಿಯ ಹತ್ತಿರ ಕೂರುತ್ತಾನೆ ಅನ್ನುವುದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಅವನು ನುಡಿಸುತ್ತಿರಬೇಕು. ಉದ್ದದ್ದಕ್ಕೆ ಹಾಕುತ್ತಿದ್ದ ನಿಕ್ಕಲ್ ತಂತಿ ಬಿಟ್ಟು ಇನ್ನೂ ಠೇಂಕರಿಸುವ ಸ್ಟೀಲಿನದು ಹಾಕಿದಳು. ಆಮೇಲೆ ಅದರಲ್ಲೇ ತೆಳುವಾದದ್ದು. ಗಿಡ್ಡನಿಗೂ ಸ್ಟೀಲಿನದೇ, ದಪ್ಪದ್ದು. ಯಾವ ಕಂಪನಿಯದು ಹೆಚ್ಚು ಕಿರುಚುತ್ತದೆ ಅಂತ ಹುಡುಕಿ ಹುಡುಕಿ ತರಿಸಿದಳು. ಅವನಿಗೆ ಕೇಳಿಸದಾಗಿದ್ದ ಆ ಮೇಲಿನ ಠಣ್ಣಿಗೇ ಎಳೆದು ಎಳೆದು ತಂತಿ ಕಟ್ಟಿದಳು. ಹೋಗುವ ಕಿವಿ ಹೋಗುತ್ತಲೇ ಇತ್ತು.

ಅದೇ ವಾರದ ಗುರುವಾರ ಮಧ್ಯಾಹ್ನ ಡ್ರಮ್ಮಿನವನು ಬಂದ. ಗುಮ್ಮನ ಜೊತೆ ಅದೇ ಬ್ಯಾಂಡಿನಲ್ಲಿ ಮೊದಲಿನಿಂದ ಇದ್ದವನು, ಅಕ್ಕನ ಕೈಯಲ್ಲಿ ಊಟ ಮಾಡಿದವನು. ಡ್ರಮ್ಮಿನ ಕೋಲು ಕೇಳುವ ನೆಪ ಮಾಡಿ ಸ್ವಲ್ಪ ಹೊತ್ತು ಅದನ್ನೂ ಇದನ್ನೂ ಮುಟ್ಟಿದ.

"ಅಕ್ಕಾ, ನೀವೇ ಅವನಿಗೆ ಹೇಳ್ಬೇಕು. ಹೋದ ಶನಿವಾರ ಒಂದಿಡೀ ಹಾಡು ಅರ್ಧ ಶ್ರುತಿ ಮೇಲೆ ನುಡಿಸ್ದ. ಜನ ನಕ್ಕರು."

"ತಂತಿ ಸರಿಯಿರ್ಲಿಲ್ಲ."

"ತಂತಿ, ತಂತಿ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ..."

"ಮುಚ್ಚೋ ಬಾಯಿ!" ಅಂದಳು ಅಕ್ಕ. "ನೀನು ಕೋಲು ಹಿಡಿಯೋದಕ್ಕೂ ಬರದೆ ಬಕೆಟ್ ಬಡೀತಿದ್ದಾಗ ನಿನ್ನ ತಾಳ ಹಿಡಿದು ನಿಲ್ಲಿಸಿದವನು ಅವನು. ಈಗ ನೆಲ ಡೊಂಕಾ?"

ಡ್ರಮ್ಮಿನವನ ಕಣ್ಣಲ್ಲಿ ನೀರು ಬಂತು. ಅದೇ ಕಷ್ಟ, ಕೆಟ್ಟವನಾಗಿದ್ದರೆ ಬೈದು ಅಟ್ಟಬಹುದಿತ್ತು. "ಗೊತ್ತಕ್ಕಾ. ಅದಕ್ಕೇ ಇಷ್ಟು ದಿನ ಸುಮ್ನಿದ್ದೆ. ಉಳಿದವರು ಕೇಳ್ತಿಲ್ಲ. ಈ ಶನಿವಾರಕ್ಕೆ ಬೇರೆಯವನನ್ನ ಕರ್ದಿದಾರೆ," ಅಂದು, ಕೋಲು ತೆಗೆದುಕೊಳ್ಳದೆ ಹೊರಟುಹೋದ.

ಅವನು ದಾಟಿದ ಬಾಗಿಲಲ್ಲೇ ಗುಮ್ಮ ಒಳಗೆ ಬಂದ. ಹೊರಗೆ ಗಾಜಿನ ಆಚೆ ಎಷ್ಟು ಹೊತ್ತಿನಿಂದ ನಿಂತಿದ್ದನೋ ಏನೋ. ಬೆನ್ನ ಮೇಲೆ ಅಪ್ಪನ ಗಿಟಾರು.

"ಇದಕ್ಕೆ ಸ್ಟೀಲ್ ತಂತಿ ಹಾಕು," ಅಂದ.

ಅಪ್ಪನದಕ್ಕೆ ಕುತ್ತಿಗೆಯ ಮೇಲೆ ಲೋಹದ ಅಡ್ಡಪಟ್ಟಿಗಳೇ ಇಲ್ಲ, ಬರೀ ಕರಿಮರ. ಅದಕ್ಕೆ ಮೇಲ್ಮೈ ನುಣುಪಾಗಿರುವ ಚಪ್ಪಟೆ ಸುತ್ತಿನ ತಂತಿ ಮಾತ್ರ. ಬೇರೆ ಯಾವುದನ್ನೂ ಮುಟ್ಟಿಸಬೇಡಿ ಅಂತ ಅಪ್ಪ ಸಾರಿ ಸಾರಿ ಹೇಳಿದ್ದ. ಆ ಮರವನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ.

"ತಲೆ ಕೆಟ್ಟಿದೆಯೇನೋ? ದುಂಡು ಸುತ್ತಿನ ಸ್ಟೀಲು ಅರ ಇದ್ದ ಹಾಗೆ. ಮರ ತಿಂದುಹಾಕುತ್ತೆ."

"ತಿನ್ಲಿ."

"ಅಪ್ಪಂದು ಕಣೋ ಅದು!"

"ಗೊತ್ತು ಅಪ್ಪಂದು ಅಂತ!" ಗುಮ್ಮ ಕಿರುಚಿದ. ತಾನು ಎಷ್ಟು ಜೋರಾಗಿ ಕಿರುಚಿದೆ ಅನ್ನುವುದು ಅವನಿಗೇ ತಿಳಿಯಲಿಲ್ಲ. ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ ಇತ್ತ ನೋಡಿದ. "ಉಳಿದ ಎರಡಕ್ಕೂ ಹಾಕಿ ಆಯ್ತು ಅಕ್ಕಾ. ಇದೊಂದು ಉಳಿದಿದೆ. ಹಾಕೇ, ನಿನ್ನ ದಮ್ಮಯ್ಯ."

ಅವನು ಹಾಗೆ ಬೇಡಿದ್ದು ಅಕ್ಕ ಯಾವತ್ತೂ ಕಂಡಿರಲಿಲ್ಲ. ಅವಳು ಗಿಟಾರನ್ನು ಮೇಜಿನ ಮೇಲೆ ಮಲಗಿಸಿಕೊಂಡಳು. ಅಪ್ಪನ ಕಾಲದಿಂದ ಕೂತಿದ್ದ ಚಪ್ಪಟೆ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ, ಬಿಚ್ಚಿ, ಪಕ್ಕಕ್ಕಿಟ್ಟಳು. ಅಂಗಡಿಯಲ್ಲಿದ್ದುದರಲ್ಲೆಲ್ಲ ಹೆಚ್ಚು ಕಿರುಚುವ ತಂತಿಯನ್ನೇ ಆರಿಸಿದಳು. ಅಳೆದಳು, ದಪ್ಪ ತಂತಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸಿದಳು, ಕತ್ತರಿಸಿದಳು, ಕಿವಿಗೂಟದ ತೂತಿಗೆ ಇಳಿಸಿ ಸುತ್ತಿದಳು.

ಗುಮ್ಮ ಇನ್ನೂ ಹಾಕದ ಒಂದು ತಂತಿಯನ್ನು ಎತ್ತಿಕೊಂಡು ತುದಿಯನ್ನು ಬೆರಳಿನಿಂದ ಸವರಿದ.

"ಹೊಸ ತಂತಿಯ ತುದಿ ನೆಟ್ಟಗಿರುತ್ತೆ, ಅಲ್ವಾ?" ಅಂದ ಮೆಲ್ಲಗೆ. "ಅವತ್ತು ಗಿಡ್ಡನಿಗೆ ಲಕೋಟೆಯಿಂದ ತೆಗೆದು ಹಾಕಿದ್ಯಲ್ಲ, ಅದರ ತುದಿ ಆಗ್ಲೇ ಬಗ್ಗಿತ್ತು."

ಅಕ್ಕನ ಕೈ ನಿಂತಿತು. ಜೀವಮಾನವೆಲ್ಲ ತಂತಿ ಮಾರಿದವಳು ಒರೆಸಿದ್ದಳು, ಸುತ್ತಿದ್ದಳು, ಲಕೋಟೆ ಹುಡುಕಿದ್ದಳು. ಒಮ್ಮೆ ಗೂಟಕ್ಕೆ ಸುತ್ತಿದ ತಂತಿಯ ತುದಿ ಮತ್ತೆ ನೆಟ್ಟಗಾಗುವುದಿಲ್ಲ ಅನ್ನುವ ಅಷ್ಟು ಸಣ್ಣ ಮಾತು ಅವಳಿಗೆ ಹೊಳೆದಿರಲಿಲ್ಲ.

"ಯಾರಿಗೂ ಹಳೇ ತಂತಿಯನ್ನ ಹೊಸದು ಅಂತ ಹಾಕಿದವಳಲ್ಲ ನೀನು," ಅಂದ ಗುಮ್ಮ. "ನನಗೆ ಹಾಕಿದೀಯ ಅಂದ್ರೆ ತಂತಿ ಚೆನ್ನಾಗೇ ಇದೆ. ತಂತಿ ಚೆನ್ನಾಗಿದ್ರೆ ಹೋಗಿರೋದು ಯಾವುದು ಅಂತ ಅವತ್ತೇ ಗೊತ್ತಾಯ್ತು. ಅಲ್ಲಿವರೆಗೂ ನಿಜವಾಗ್ಲೂ ಗೊತ್ತಿರ್ಲಿಲ್ಲ ಅಕ್ಕಾ."

ಹೇಳಬಾರದು ಅಂತ ಹಲ್ಲು ಕಚ್ಚಿ ಇಟ್ಟುಕೊಂಡಿದ್ದನ್ನು ಅವಳೇ ಹೇಳಿಬಿಟ್ಟಿದ್ದಳು, ಡಾಕ್ಟರಿಗಿಂತ ಮುಂಚೆ.

"ಮತ್ತೆ ಜೀವ ಬಂತು ಅಂದ್ಯಲ್ಲೋ!"

"ನಿನ್ನ ಮುಖ ನೋಡಿ ಅಂದೆ."

"ಆಮೇಲೂ ಯಾಕೋ ವಾರ ವಾರ ಬಂದೆ?"

"ನೀನು ಸತ್ತಿದೆ ಅಂತಿದ್ದೆ. ನೀನು ಹೇಳೋವಾಗ ಒಂದು ಗಳಿಗೆ, ತಂತಿದೇ ತಪ್ಪೇನೋ ಅನ್ನಿಸ್ತಿತ್ತು. ಆ ಒಂದು ಗಳಿಗೆಗೆ ಬರ್ತಿದ್ದೆ." ಅವನು ತಂತಿಯನ್ನು ಅವಳ ಕೈಗೆ ಕೊಟ್ಟ. "ಡ್ರಮ್ಮಿನವನ ಬಾಯಿ ಓದಿದೆ, ಗಾಜಿನ ಆಚೆಯಿಂದ. ಶನಿವಾರದ್ದು ಹೋಯ್ತು. ನೀನು ಮುಗಿಸು."

ಅವಳು ಮುಗಿಸಿದಳು. ಕಣ್ಣು ಒರೆಸಿಕೊಳ್ಳುವುದಕ್ಕೂ ಕೈಗೆ ಬಿಡುವಿರಲಿಲ್ಲ. ನಾಲ್ಕೂ ತಂತಿಯ ಶ್ರುತಿ ಕೂಡಿಸಿ, ದೊಡ್ಡ ಸ್ಪೀಕರಿಗೆ ವೈರು ಸಿಕ್ಕಿಸಿ, ಗಿಟಾರನ್ನು ಅವನ ಮಡಿಲಿಗೆ ಕೊಟ್ಟಳು. ಗುಮ್ಮ ಸ್ಟೂಲಿನ ಮೇಲೆ ಕೂತು ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಗಿಟಾರಿನ ಮೈಯಿಂದ ಮೇಲಕ್ಕೆ ಚಾಚಿದ ಕೊಂಬನ್ನು, ನಡುಕ ಮೂಳೆಗೇ ಇಳಿಯುವ ಹಾಗೆ, ದವಡೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ.

ಮೀಟಿದ. ಗಾಜಿನ ಮೇಜು ನಡುಗಿತು. ಗೋಡೆಗೆ ನೇತುಹಾಕಿದ್ದ ಗಿಟಾರುಗಳೆಲ್ಲ ಗುಂಯ್ಗುಟ್ಟಿದವು. ಅಪ್ಪ ನುಡಿಸುತ್ತಿದ್ದ ಸ್ವರಗಳ ಒಂದು ಹಳೆಯ ಇಳಿಜಾರು, ಕೆಳಗೆ, ಇನ್ನೂ ಕೆಳಗೆ. ಅವನ ಬೆರಳು ಜಾರಿದಲ್ಲೆಲ್ಲ ಕರಿಮರದ ಮೇಲೆ ಬೆಳ್ಳಗೆ ಸಣ್ಣ ಗೀರು ಬೀಳುವುದನ್ನು ಅಕ್ಕ ಕಣ್ಣಾರೆ ಕಂಡಳು. ಬೀಳಲಿ ಅಂದುಕೊಂಡಳು.

"ಕೇಳಿಸ್ತೇನೋ?" ಅಂದಳು.

ಅವನ ಕಣ್ಣು ಮುಚ್ಚಿತ್ತು.

ಅಕ್ಕ ಹಿಂದೆ ಅಪ್ಪನಿಗೆ ಕೂಗುತ್ತಿದ್ದ ಹಾಗೆ, ಗಂಟಲು ಹರಿಯುವ ಹಾಗೆ ಕೂಗಿದಳು. "ಲೋ ಗುಮ್ಮಾ! ಏನಾದ್ರೂ ಕೇಳಿಸ್ತೇನೋ?"

"ಕೇಳಿಸ್ತು ಬಿಡಮ್ಮಾ!" ಎದುರಿನಿಂದ ದರ್ಜಿ ನಗುತ್ತ ಕೂಗಿದ. "ಇಡೀ ಬೀದಿಗೇ ಕೇಳಿಸ್ತು!"

ಗುಮ್ಮ ಕಣ್ಣು ತೆರೆಯಲಿಲ್ಲ. ಕೊಂಬನ್ನು ಇನ್ನಷ್ಟು ಗಟ್ಟಿಯಾಗಿ ದವಡೆಗೆ ಒತ್ತಿಕೊಂಡು, ಅದೇ ತಂತಿಯನ್ನು ಮತ್ತೆ ಮೀಟಿದ.