ಯಾರ ಉಸಿರು

ವಾಸಿಯಾಗದವರನ್ನು ನೋವಿಲ್ಲದಂತೆ ನೋಡಿಕೊಳ್ಳುವ ಆ ಆರೈಕೆಮನೆಯಲ್ಲಿ ಪ್ರತಿ ಹಾಸಿಗೆಯ ಕೆಳಗೂ ಒಂದು ಯಂತ್ರದ ಪಟ್ಟಿ ಇತ್ತು. ಮಲಗಿದವರ ಉಸಿರನ್ನು ಅದು ಎಣಿಸುತ್ತಿತ್ತು. ಅಮ್ಮನ ಹಾಸಿಗೆಯ ಎಣಿಕೆ ಕೆಳಮಹಡಿಯಲ್ಲಿದ್ದ ಸಿಸ್ಟರ್ ಮೇಜಿನ ಪರದೆಗೂ ಅಣ್ಣನ ಫೋನಿಗೂ ಹೋಗುತ್ತಿತ್ತು. ಒಪ್ಪಿಗೆಪತ್ರಕ್ಕೆ ಸಹಿ ಹಾಕಿದವನು ಅಣ್ಣ. ಅಮ್ಮನಿಗೆ ಬುದ್ಧಿ ನೆಟ್ಟಗೇ ಇತ್ತು. ಆದರೂ ಅವಳನ್ನು ಯಾರೂ ಕೇಳಿರಲಿಲ್ಲ.

“ಉಸಿರು ನಂದು, ಸಹಿ ಅವಂದು. ಚೆನ್ನಾಗಿದೆ,” ಅಂದಿದ್ದಳು ಅಮ್ಮ. “ಎಣಿಸೋಕೆ ಮೇಲೊಬ್ಬ ಇದ್ದಾನಲ್ಲ, ಅವನಿಗೇನು ಲೆಕ್ಕ ತಪ್ಪಿಹೋಯ್ತಾ?”

ಅಲ್ಲಿಗೆ ಸೇರಿದ ಹನ್ನೊಂದನೆಯ ದಿನ ಮಧ್ಯಾಹ್ನ ಅಮ್ಮ ಜೊತೆಗಿದ್ದ ಮಗಳ ಕೈ ಹಿಡಿದಳು.

“ಒಂದು ಗಳಿಗೆ ಯಾರ ಕಾವಲೂ ಇಲ್ಲದೆ ಕಿಟಕಿ ಹತ್ರ ಕೂತ್ಕೋಬೇಕು ಕಣೇ.”

“ನೀನು ಎದ್ದರೆ ಕೆಳಗೆ ಗಂಟೆ ಹೊಡ್ಕೊಳ್ಳುತ್ತಮ್ಮ.”

“ನೀನು ಮಲಕ್ಕೋ. ಅದಕ್ಕೇನು ನನ್ನ ಮುಖ ಗೊತ್ತಾ?”

ಕಿಟಕಿ ಮಂಚದ ಪಕ್ಕದಲ್ಲೇ ಇತ್ತು. ಮಗಳು ಕುರ್ಚಿಯನ್ನು ಮಂಚಕ್ಕೆ ತಾಗಿಸಿ, ತನ್ನ ಮೊಣಕಾಲನ್ನು ಹಾಸಿಗೆಯ ಮೇಲೇ ಊರಿ ಅಮ್ಮನನ್ನು ಇಳಿಸಿದಳು. ಮಡಿಸಿಟ್ಟ ಹೊದಿಕೆಯಷ್ಟು ಹಗುರ. ಆಮೇಲೆ ಅಮ್ಮನ ಮೈ ಮಾಡಿದ ತಗ್ಗಿನಲ್ಲಿ ಮಲಗಿದಳು. ಅಲ್ಲಿನ್ನೂ ಬಿಸುಪಿತ್ತು. ಎಷ್ಟೋ ದಿನದ ನಿದ್ದೆ ಬಾಕಿ ಇತ್ತು, ಬಂದುಬಿಟ್ಟಿತು.

ಎಚ್ಚರವಾದಾಗ ಬಿಸಿಲು ಗೋಡೆ ಬದಲಿಸಿತ್ತು. ಅಮ್ಮನ ತಲೆ ಕಿಟಕಿಯ ಕಡೆ ವಾಲಿತ್ತು. ಕೈ ಮುಟ್ಟಿದಳು. ತಣ್ಣಗಿತ್ತು. ಅಳು ಬರಲಿಲ್ಲ. ಫೋನಿನಲ್ಲಿ ಅಣ್ಣನ ಸಂದೇಶವಿತ್ತು: ‘ಅಮ್ಮ ಇವತ್ತು ಎಷ್ಟು ಆರಾಮಾಗಿ ಉಸಿರಾಡ್ತಿದ್ದಾಳೆ ನೋಡು. ಪಟ್ಟಿ ಹಾಕಿಸಿದ್ದು ಒಳ್ಳೇದಾಯ್ತು.’

ಅವಳು ಮಂಚದಿಂದಿಳಿದಳು. ಕೆಳಗೆ ಗಂಟೆ ಹೊಡೆಯಿತು. ಸಿಸ್ಟರ್ ಓಡಿ ಬಂದರು, ಹಿಂದೆಯೇ ಡಾಕ್ಟರು. ಕುರ್ಚಿಯಲ್ಲಿದ್ದವಳ ನಾಡಿ ನೋಡಿ ಡಾಕ್ಟರು ಪೆನ್ನು ತೆಗೆದರು.

“ಜೀವ ಹೋಗಿ ಹೊತ್ತಾಗಿದೆ. ಆದ್ರೆ ದಾಖಲೆಯಲ್ಲಿ ಈಗಿನವರೆಗೂ ಉಸಿರಿದೆಯಲ್ಲ?”

“ಆ ಉಸಿರು ನಂದು ಡಾಕ್ಟ್ರೇ.”

ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದರು. “ಏನ್ ಕೆಲ್ಸ ಮಾಡಿದೆ ತಾಯಿ! ನಾಳೆ ಯಾರಾದ್ರೂ ಯಾವಾಗ ಹೋದ್ರು ಅಂತ ಕೇಳಿದ್ರೆ ನಮಗೆ ಈ ದಾಖಲೆನೇ ಸಾಕ್ಷಿ.”

“ಹಾಗಾದ್ರೆ ಅಮ್ಮ ಹೋಗಿದ್ದು ಎಷ್ಟು ಹೊತ್ತಿಗೆ?” ಡಾಕ್ಟರು ಕೇಳಿದರು.

“ಗೊತ್ತಿಲ್ಲ. ಅವಳಿಗೆ ಬೇಕಾಗಿದ್ದೂ ಅದೇ.”

ಡಾಕ್ಟರು ಮರಣಪತ್ರ ಬಿಡಿಸಿದರು. ಸಮಯದ ಜಾಗವನ್ನು ಖಾಲಿ ಬಿಡುವ ಹಾಗಿರಲಿಲ್ಲ. ತಾವು ನಾಡಿ ನೋಡಿದ ಸಮಯ ಬರೆದು, ಪಕ್ಕದಲ್ಲಿ ‘ನೋಡಿದಾಗ’ ಎಂದು ಸೇರಿಸಿದರು.

ಅಣ್ಣನ ಫೋನ್ ಬಂತು.

“ಏನೇ, ಪಟ್ಟಿ ಕೆಟ್ಟುಹೋಯ್ತಾ? ಇಲ್ಲೇನೂ ಕಾಣಿಸ್ತಿಲ್ಲ.”

“ಕೆಟ್ಟಿಲ್ಲ ಅಣ್ಣ,” ಅಂದಳು. “ನಾನು ಎದ್ದೆ, ಅಷ್ಟೆ.”